ಕಾಣ್ತಿಲ್ಲ ಅಂದ್ರೆ

ಡಾಕ್ಟರಮ್ಮ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದನ್ನು ಕೇಳಿ ಕೇಳಿ ತನುಜಾಳಿಗೆ ರೋಸಿಹೋಗಿತ್ತು. ಮಗಳು ಸುಪ್ರಿಯಾಳ ಕುತ್ತಿಗೆಯಲ್ಲಿ ಎದ್ದ ಗಂಟು ಲಿಂಫೋಮಾ ಎಂಬ ಕ್ಯಾನ್ಸರು, ಅದರಲ್ಲೂ ಮಕ್ಕಳಲ್ಲಿ ತೀರಾ ಅಪರೂಪದ ಬಗೆಯದು ಎಂದು ಗೊತ್ತಾದಂದಿನಿಂದ ಹೊಸನಗರದಿಂದ ಘಟ್ಟ ಇಳಿದು ಆಸ್ಪತ್ರೆಗೆ ಓಡಾಡಿದ್ದೇ ಓಡಾಡಿದ್ದು. ಕೀಮೋ ಮುಗಿಯಿತು. ಸ್ಕ್ಯಾನೂ ಆಯಿತು. ಮಗಳನ್ನು ಹೊರಗೆ ಅಪ್ಪನ ಹತ್ತಿರ ಕೂರಿಸಿ ಒಳಗೆ ಬಂದವಳಿಗೆ ಈಗಲಾದರೂ ಒಂದು ನೆಟ್ಟಗಿನ ಮಾತು ಬೇಡವೇ?

“ಏನೂ ಕಾಣ್ತಿಲ್ಲಮ್ಮ,” ಎಂದರು ಡಾಕ್ಟರಮ್ಮ.

“ಕಾಣ್ತಿಲ್ಲ ಅಂದ್ರೆ ಇಲ್ಲ ಅಂತಾನಾ?”

“ಸದ್ಯಕ್ಕೆ ಕಾಣ್ತಿಲ್ಲ ಅಂತ.”

“ನೂರು ಮಕ್ಳಲ್ಲಿ ಎಷ್ಟು ಮಕ್ಳಿಗೆ ಪೂರ್ತಿ ವಾಸಿ ಆಗುತ್ತೆ? ಅದನ್ನಾದ್ರೂ ಹೇಳಿ.”

“ಈ ಥರದ್ದು ಬಂದ ನೂರು ಮಕ್ಕಳನ್ನ ನಾವು ನೋಡೇ ಇಲ್ಲಮ್ಮ, ಹೇಗೆ ಹೇಳ್ಲಿ? ಕೆಲವರು ಚೆನ್ನಾಗಿದ್ದಾರೆ. ಕೆಲವರಿಗೆ ಮತ್ತೆ ಬಂದಿದೆ. ಕಾಯೋಣ.”

ಕಾಯೋಣವಂತೆ! ಬೇಯುವ ತನಕ ಕಾದವಳು ಆರುವ ತನಕ ಕಾಯಬಾರದೇ ಎಂದು ಯಾರು ಬೇಕಾದರೂ ಹೇಳಿಯಾರು. ಹೇಳುವವರಿಗೇನು, ಬೆಂದದ್ದು ಅವರ ಮಗುವಲ್ಲ.

ಮನೆಯಲ್ಲಿ ಅತ್ತೆ ಮೀನಾಕ್ಷಮ್ಮ ಬಾಗಿಲಲ್ಲೇ ಕಾದಿದ್ದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದು ಕೇಳಿದ್ದೇ ತಡ, ಕೈ ಮುಗಿದರು.

“ಹಂಗಾರೆ ಗುಣ ಆತು. ನಾಳೆನೇ ಧರ್ಮಸ್ಥಳಕ್ಕೆ ಹೋಗಣ. ಹುಡ್ಗಿ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ಕಂಡೀನಿ.”

ಹರಕೆ ಹೊತ್ತದ್ದು ಗಂಟು ಕಂಡ ಹೊಸತರಲ್ಲಿ, ಸುಪ್ರಿಯಾಳಿಗೆ ಸೊಂಟದ ತನಕ ಜಡೆಯಿದ್ದಾಗ. ಆ ಜಡೆಯನ್ನು ಔಷಧಿ ತಿಂದುಹಾಕಿತು. ಅಲ್ಲಿಂದ ಟೋಪಿ ಹಾಕಿಕೊಂಡು ಮೂಲೆ ಹಿಡಿದಿದ್ದ ಹುಡುಗಿ, ಬೆರಳುದ್ದ ಕೂದಲು ಬಂತೆಂದು ಈಗಷ್ಟೇ ಶಾಲೆಗೆ ಹೋಗುವ ಮಾತಾಡುತ್ತಿದ್ದಳು. ಅದನ್ನೂ ಬೋಳಿಸಬೇಕೆ? ತನುಜಾಳಿಗೆ ಮೈಯೆಲ್ಲ ಉರಿಯಿತು.

“ಬ್ಯಾಡ ಅತ್ತೆ. ಇನ್ನೊಂದು ಸ್ವಲ್ಪ ದಿನ ಹೋಗ್ಲಿ.”

“ಗುಣ ಮಾಡಿದ ದೇವ್ರನ್ನ ಕಾಯ್ಸೋದಾ? ಹರಕೆ ತಪ್ಪಿ ಹುಡ್ಗಿಗೆ ಏನಾರ ಆದ್ರೆ ನೀ ನೋಡ್ಕಂತೀಯಾ?”

“ಗುಣ ಆತು ಅಂತ ಯಾರು ಹೇಳಿದ್ರು ನಿಮ್ಗೆ?” ತನುಜಾ ಕೂಗಿಯೇಬಿಟ್ಟಳು. “ಕಾಣ್ತಿಲ್ಲ ಅಂದ್ರೆ ಇಲ್ಲ ಅಂತಲ್ಲ! ಮತ್ತೆ ಬಂದ್ರೂ ಬರಬೋದು ಅಂದಿದಾರೆ. ಗುಣ ಆಗ್ದೆ ಎಂತ ಹರಕೆ?”

ಆಸ್ಪತ್ರೆಯಲ್ಲಿ ತನ್ನ ಕಿವಿಗೆ ಬೇಡವಾಗಿದ್ದ ಮಾತನ್ನು ಅವಳೇ ಆಡಿದ್ದಳು. ಅದೂ ಜಗಳ ಗೆಲ್ಲುವುದಕ್ಕೆ. ಗೆದ್ದಳು ಕೂಡ. ಮೀನಾಕ್ಷಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದು ಕೂತರು.

ಸುಪ್ರಿಯಾ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಮ್ಮನ ಮುಖ ನೋಡದೆ ಅಜ್ಜಿಯ ಹತ್ತಿರ ಹೋಗಿ ಕೂತಳು.

“ಅಜ್ಜಿ, ಕೂದ್ಲು ಇಷ್ಟೇ ಇದ್ರೂ ದೇವ್ರು ತಗಂತಾನಾ?”