ಅಡ್ಡ ಗೀಟು, ಉದ್ದ ಗೀಟು

ಗಾಜು ಒರೆಸುವುದರಲ್ಲಿ ಅವಳದು ಎತ್ತಿದ ಕೈ. ಅವಳೇ ಹಾಗೆ ಹೇಳಿಕೊಂಡು ತಿರುಗುತ್ತಿದ್ದಳು ಅಂದುಕೊಳ್ಳಬೇಡಿ. ದೊಡ್ಡ ವಸತಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಮೂವತ್ತು ಮನೆಯವರು ಹೇಳುತ್ತಿದ್ದರು. ಕಾರಿನ ಮೈ ತೊಳೆಯಲು ಅಲ್ಲಿ ಬೇರೆ ಇಬ್ಬರಿದ್ದರು, ಗಾಜಿಗೆ ಮಾತ್ರ ಅವಳೇ ಆಗಬೇಕು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗಾಜಕ್ಕ. ಸ್ವಂತ ಹೆಸರು ಹಿಡಿದು ಯಾರಾದರೂ ಕೂಗಿದರೆ ತಿರುಗಿ ನೋಡಲು ಅವಳಿಗೇ ಒಂದು ಗಳಿಗೆ ಬೇಕಾಗುತ್ತಿತ್ತು.

ಅವಳ ಕ್ರಮ ದೊಡ್ಡ ಗುಟ್ಟೇನಲ್ಲ. ಬಿಸಿಲಲ್ಲಿ ಕಾದ ಗಾಜನ್ನು ಅವಳು ಮುಟ್ಟುತ್ತಿರಲಿಲ್ಲ, ಒರೆಸುವ ಮೊದಲೇ ನೀರು ಆರಿ ಕಲೆ ಕೂತುಬಿಡುತ್ತದೆ. ಬಕೆಟ್ಟಿಗೆ ಒಂದು ಮುಚ್ಚಳ ವಿನೆಗರ್. ಒದ್ದೆ ಬಟ್ಟೆ ಎಡ ಹೆಗಲಿಗೆ, ಒಣ ಬಟ್ಟೆ ಬಲ ಹೆಗಲಿಗೆ, ಎರಡೂ ಒಂದನ್ನೊಂದು ಮುಟ್ಟುವ ಹಾಗಿಲ್ಲ. ಬಾಗಿಲ ಗಾಜನ್ನು ಮೊದಲು ಕೆಳಗಿಳಿಸಿ, ರಬ್ಬರಿನ ಸಂದಿಯ ಮಣ್ಣು ತೆಗೆದು, ಆಮೇಲೆ ಏರಿಸಬೇಕು. ಎಲ್ಲಕ್ಕಿಂತ ಮುಖ್ಯ, ಹೊರಗಡೆ ಅಡ್ಡಡ್ಡ ಒರೆಸಬೇಕು, ಒಳಗಡೆ ಉದ್ದುದ್ದ. ಗೀಟು ಉಳಿದರೆ ಯಾವ ಕಡೆ ಉಳಿಯಿತು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಡ್ಡ ಕಂಡರೆ ಹೊರಗೆ, ಉದ್ದ ಕಂಡರೆ ಒಳಗೆ. ಇಷ್ಟನ್ನು ಪಾಲಿಸಿದರೆ ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿಯೇ ನೋಡಬೇಕು.

ಇಂಥವಳಿಗೆ ಕಟ್ಟಿಕೊಂಡ ಗಂಡನೇ ಒಂದು ದಿನ "ನಿನಗೆ ಗಾಜು ಒರೆಸೋಕೆ ಬರಲ್ಲ" ಅಂದ.

ಗಂಡ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಿದ್ದ. ಇಪ್ಪತ್ತೆರಡು ವರ್ಷ, ಒಂದು ಗೀರು ಬಿದ್ದಿಲ್ಲ ಎಂಬುದು ಅವನ ದೊಡ್ಡ ಜಂಬ. ಆ ಜಂಬ ಅವನಿಗೆ ಒಪ್ಪುತ್ತಲೂ ಇತ್ತು. ಈಗ ಹದಿನಾಲ್ಕು ಮಕ್ಕಳಿದ್ದವು, ಅವರಿಗೆಲ್ಲ ಅವನು ವ್ಯಾನ್ ಮಾಮ. ಮೊದಲು ಕೂರಿಸಿಕೊಂಡು ಹೋಗಿದ್ದ ಮಕ್ಕಳಲ್ಲಿ ಕೆಲವರು ದೊಡ್ಡವರಾಗಿ, ಈಗ ತಮ್ಮ ಮಕ್ಕಳನ್ನು ಅವನ ವ್ಯಾನಿಗೇ ಹತ್ತಿಸುತ್ತಿದ್ದರು. ದಿನಾ ಬೆಳಿಗ್ಗೆ ಅವನು ಹೊರಡುವ ಮುಂಚೆ ಆ ವ್ಯಾನಿನ ಗಾಜುಗಳನ್ನು ಒರೆಸಿಕೊಟ್ಟು ಅವಳು ತನ್ನ ನೆಲಮಾಳಿಗೆಗೆ ಹೋಗುತ್ತಿದ್ದಳು. ಅದಕ್ಕೆ ಯಾರೂ ಅವಳನ್ನು ಹೊಗಳಬೇಕಿರಲಿಲ್ಲ. ಹಾಗೆಂದು ತೆಗಳಿಸಿಕೊಳ್ಳುವ ಅಭ್ಯಾಸವೂ ಇರಲಿಲ್ಲ.

ತಗಾದೆ ಶುರುವಾದದ್ದು ಶಾಲೆಯ ದಸರಾ ರಜೆ ಮುಗಿದ ಮೇಲೆ. ಮುಂದಿನ ಗಾಜು ಮಸುಕು ಎಂದ. ಒರೆಸಿದಳು. ಮರುದಿನ ಜಿಡ್ಡು ಎಂದ. ಹೊಸ ಬಟ್ಟೆ ತಂದಳು, ಹಳೇ ಪೇಪರ್ ಮುದ್ದೆ ಮಾಡಿ ಉಜ್ಜಿದಳು, ಔಷಧಿ ಅಂಗಡಿಯಿಂದ ಸ್ಪಿರಿಟ್ ತಂದು ಉಜ್ಜಿದಳು. ಏನು ಮಾಡಿದರೂ ಅವನದು ಒಂದೇ ರಾಗ.

"ಗೀಟು ಅಡ್ಡ ಇದೆಯಾ, ಉದ್ದ ಇದೆಯಾ? ಅದಾದ್ರೂ ಹೇಳಿ," ಎಂದು ಒಂದು ದಿನ ರೇಗಿ ಕೇಳಿದಳು.

"ಅಡ್ಡನೂ ಇಲ್ಲ, ಉದ್ದನೂ ಇಲ್ಲ. ದುಂಡಗಿದೆ. ಯಾರೋ ಹೆಬ್ಬೆಟ್ಟು ಒತ್ತಿದ ಹಾಗೆ."

"ನಾನು ದುಂಡಗೆ ಒರೆಸೋದೇ ಇಲ್ಲವಲ್ಲ ರೀ!"

"ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ?"

ಅಷ್ಟು ಹೇಳುವಾಗಲೂ ಅವನು ನೆಟ್ಟಗೆ ಅವಳ ಮುಖ ನೋಡಲಿಲ್ಲ. ಮೂತಿ ತಿರುಗಿಸಿಕೊಂಡು ಮಾತಾಡುವ ಹೊಸ ಚಾಳಿ ಅವನಿಗೆ ಅಂಟಿಕೊಂಡಿತ್ತು. ಕತ್ತು ಒಂದು ಪಕ್ಕಕ್ಕೆ ವಾಲಿಸಿ, ಅವಳ ಕಿವಿಯಾಚೆ ಇನ್ಯಾರೋ ನಿಂತಿದ್ದಾರೆ ಎಂಬಂತೆ ನೋಡುತ್ತಿದ್ದ. ಅವಳಿಗೆ ಒಳಗೊಳಗೇ ಉರಿಯುತ್ತಿತ್ತು. ತಾನೇನು ಮಾಡಿದೆ ಎಂದು ತನ್ನನ್ನೇ ಕೇಳಿಕೊಂಡಳು, ಕೊನೆಗೆ ತನ್ನ ಕೈಯ ಮೇಲೇ ಅನುಮಾನ ಬಂತು. ನೆಲಮಾಳಿಗೆಯಲ್ಲಿ ಒಂದೊಂದು ಕಾರಿನ ಗಾಜನ್ನೂ ಎರಡೆರಡು ಸಲ ಒರೆಸತೊಡಗಿದಳು. "ಏನು ಗಾಜಕ್ಕ, ಗಾಜು ಸವೆಸಿಬಿಡ್ತೀಯಾ?" ಎಂದು ಕಾವಲುಗಾರ ತಮಾಷೆ ಮಾಡಿದರೆ ಅವಳಿಗೆ ನಗು ಬರಲಿಲ್ಲ.

ಆ ದಿನ ಬೆಳಿಗ್ಗೆ ಮುಂದಿನ ಗಾಜು ಮುಗಿಸಿ, ಚಾಲಕನ ಬಾಗಿಲಿಗೆ ಬಂದಿದ್ದಳು. ಹಿಡಿ ತಿರುಗಿಸಿ ಗಾಜನ್ನು ಪೂರ್ತಿ ಕೆಳಗಿಳಿಸಿ, ಸಂದಿಯ ಮಣ್ಣನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ತೆಗೆಯುತ್ತಿದ್ದಳು. ಗಂಡ ಕೀಲಿ ಹಿಡಿದುಕೊಂಡು ಬಂದು ಬಾಗಿಲ ಮುಂದೆ ನಿಂತ.

"ಇದೇನೇ ಇದು? ಇಷ್ಟು ಹೊತ್ತು ಒರೆಸಿದ್ದು ಇದೇನಾ?"

"ಯಾವುದು ರೀ?"

"ಈ ಕಿಟಕಿ. ನೋಡು, ನಟ್ಟನಡುವೆ ಹೇಗೆ ಮೆತ್ಕೊಂಡಿದೆ."

ಅವಳು ನೋಡಿದಳು. ಕಿಟಕಿಯಲ್ಲಿ ಗಾಜೇ ಇರಲಿಲ್ಲ.

ತಮಾಷೆ ಮಾಡುತ್ತಿದ್ದಾನೇನೋ ಎಂದು ಅವನ ಮುಖ ನೋಡಿದಳು. ಅವನು ಹುಬ್ಬು ಗಂಟಿಕ್ಕಿಕೊಂಡು, ಕತ್ತು ವಾಲಿಸಿ, ಖಾಲಿ ಕಿಟಕಿಯನ್ನೇ ದುರುಗುಟ್ಟಿ ನೋಡುತ್ತಿದ್ದ. ಮೂತಿ ತಿರುಗಿಸುವುದು, ದುಂಡನೆಯ ಕಲೆ, ಐದು ತಿಂಗಳ ಜಗಳ ಎಲ್ಲ ಒಟ್ಟಿಗೆ ಅವಳ ತಲೆಯೊಳಗೆ ನುಗ್ಗಿದವು. ಗಾಜು ಎಂದೂ ಕೊಳೆಯಾಗಿರಲಿಲ್ಲ. ಅವಳ ಕೈ ಎಂದೂ ತಪ್ಪಿರಲಿಲ್ಲ. ಅದನ್ನು ತಿಳಿದು ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಬಲ ಹೆಗಲಿನ ಒಣ ಬಟ್ಟೆ ತೆಗೆದು, ಬರೀ ಗಾಳಿಯಲ್ಲಿ, ಅಡ್ಡಡ್ಡ ನಾಲ್ಕು ಸಲ ಒರೆಸಿದಳು.

"ಈಗ?"

ಅವನು ಕತ್ತು ಇನ್ನಷ್ಟು ವಾಲಿಸಿದ.

"ಹೂಂ," ಅಂದ. "ಈಗ ಪರವಾಗಿಲ್ಲ."

ಆಗಲೇ ಕೀಲಿ ಕಿತ್ತುಕೊಳ್ಳಬೇಕಿತ್ತು. ಕಿತ್ತುಕೊಳ್ಳಲಿಲ್ಲ. ಬೀದಿಯಲ್ಲಿ ನಿಂತು, ಬೆಳಗಿನ ಹೊತ್ತಲ್ಲಿ, ಗಂಡನಿಗೆ ನಿನಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಲು ಯಾವ ಹೆಂಡತಿಗೆ ಬಾಯಿ ಬರುತ್ತದೆ ಎಂದು ಬೇಕಾದರೆ ಕೇಳಿ. ಹದಿನಾಲ್ಕು ಮನೆಯ ಮಕ್ಕಳು ಬ್ಯಾಗು ಹೊತ್ತು ಗೇಟಿನಲ್ಲಿ ಕಾಯುತ್ತಿರುವಾಗ ಆ ಬಾಯಿ ಬರಲೇಬೇಕಿತ್ತು ಎಂದೇ ನಾನು ಹೇಳುವುದು. ಅವಳೂ ಆಮೇಲೆ ಅದನ್ನೇ ಹೇಳಿಕೊಂಡಳು. ಆ ಹೊತ್ತಿಗೆ ಅವಳಿಂದ ಆದದ್ದು ಇಷ್ಟೇ, ಬಕೆಟ್ಟನ್ನು ಅಲ್ಲೇ ಬಿಟ್ಟು ವ್ಯಾನಿನ ಹಿಂದಿನ ಬಾಗಿಲು ತೆಗೆದಳು.

"ನಾನೂ ಬರ್ತೀನಿ."

"ನಿನ್ನ ಕಾರುಗಳು?"

"ಒಂದು ದಿನ ಧೂಳಲ್ಲಿರಲಿ. ಸಾಯಲ್ಲ."

ಅವನು ಬೇಡ ಎನ್ನಲಿಲ್ಲ. ಅದೂ ಅವಳಿಗೆ ವಿಚಿತ್ರವೆನಿಸಿತು.

ಮೊದಲ ಮನೆಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಹತ್ತಿ ನೇರ ಮುಂದಿನ ಸೀಟಿನಲ್ಲಿ ಕೂತಳು. "ಇವತ್ತು ಇದು ನಂದು. ನಿನ್ನೆ ನಾನೇ ಗೆದ್ದಿದ್ದು," ಎಂದು ಯಾರೂ ಕೇಳದಿದ್ದರೂ ಹೇಳಿದಳು.

"ಏನು ಗೆದ್ದೆ ಪುಟ್ಟಿ?" ಎಂದು ಗಾಜಕ್ಕ ಹಿಂದಿನಿಂದ ಕೇಳಿದಳು.

"ಆಟ. ಅತ್ತೆ, ನಿಮಗೆ ಮಾಮ ಹೇಳಿಲ್ವಾ? ರೋಡಲ್ಲಿ ಏನಿದೆ ಅಂತ ಯಾರು ಮೊದಲು ಹೇಳ್ತಾರೋ ಅವರಿಗೆ ನಾಳೆ ಮುಂದಿನ ಸೀಟು."

ಎಲ್ಲ ಮಕ್ಕಳೂ ಹತ್ತಿದ ಮೇಲೆ ಆಟ ಶುರುವಾಯಿತು. "ಮಾಮ, ಕೆಂಪು ಲೈಟ್!" ಎಂದಳು ಜಡೆಯವಳು. "ಜಾಣೆ," ಎಂದು ಅವನು ಬ್ರೇಕ್ ಒತ್ತಿದ. "ಮಾಮ, ಹಸಿರು!" ಎಂದು ಹಿಂದಿನಿಂದ ಮೂವರು ಒಟ್ಟಿಗೆ ಕೂಗಿದರು. "ಮಾಮ, ಸೈಕಲ್ ತಾತ, ಎಡಗಡೆ!" "ಮಾಮ, ಗುಂಡಿ!" "ಮಾಮ, ನಾಯಿ!" ಅವನು ಒಂದೊಂದಕ್ಕೂ ಶಹಬ್ಬಾಸ್ ಹೇಳುತ್ತಾ, ಸ್ಟೀರಿಂಗ್ ತಿರುಗಿಸುತ್ತಾ ಹೋದ. ಮಕ್ಕಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದವು.

ಹಾಗಾದರೆ ಇವನಿಗೆ ಗೊತ್ತು. ತನಗೆ ಏನಾಗಿದೆ ಎಂದು ತಿಳಿಯದೆ ಗಾಜನ್ನು ಬೈಯುತ್ತಿದ್ದಾನೆ ಎಂದುಕೊಂಡು ಬೀದಿಯಲ್ಲಿ ಮನಸ್ಸಿನಲ್ಲೇ ಅಯ್ಯೋ ಪಾಪ ಎಂದಿದ್ದಳಲ್ಲ, ಆ ಪಾಪವೆಲ್ಲ ಸಿಟ್ಟಾಯಿತು. ಹದಿನಾಲ್ಕು ಜೊತೆ ಕಣ್ಣುಗಳನ್ನು ದುಡಿಸಿಕೊಂಡು, ಅದಕ್ಕೆ ಆಟ ಎಂದು ಹೆಸರಿಟ್ಟಿದ್ದ.

ಮಾರುಕಟ್ಟೆಯ ತಿರುವಿನ ಹತ್ತಿರ ಮಕ್ಕಳಲ್ಲಿ ಜಗಳ ಹತ್ತಿತು. ಲಾರಿಯನ್ನು ಮೊದಲು ಕೂಗಿದ್ದು ಯಾರು ಎಂದು ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಜಡೆಯವಳೂ ಹಿಂದಕ್ಕೆ ತಿರುಗಿ ವಾದಕ್ಕಿಳಿದಳು. ರಸ್ತೆ ನೋಡುವವರು ಯಾರೂ ಇರಲಿಲ್ಲ. ಮುಂದೆ, ರಸ್ತೆಯ ನಡುವೆ, ಒಬ್ಬ ಕೈಗಾಡಿ ತಳ್ಳಿಕೊಂಡು ಬೆನ್ನು ಹಾಕಿ ಹೋಗುತ್ತಿದ್ದ. ವ್ಯಾನ್ ವೇಗ ಕಡಿಮೆ ಮಾಡಲಿಲ್ಲ.

"ರೀ! ನಿಲ್ಸಿ!"

ಬ್ರೇಕ್ ಕಿರುಚಿತು. ಬ್ಯಾಗುಗಳು ದಬದಬ ಬಿದ್ದವು. ಕೈಗಾಡಿಯವನು ತಿರುಗಿ ನೋಡಿದಾಗ ಅವನಿಗೂ ವ್ಯಾನಿಗೂ ಒಂದು ಮೊಳದ ಅಂತರವಿತ್ತು. ಅವನು ಬೈಯಲಿಲ್ಲ. ಬಾಯಿ ತೆರೆದು ನಿಂತಿದ್ದ.

ಆಮೇಲೆ ಹಿಂದಿನ ಸೀಟಿನಿಂದ ಯಾರೋ ಚಪ್ಪಾಳೆ ತಟ್ಟಿದರು. "ಅತ್ತೆ ಗೆದ್ರು! ನಾಳೆ ಮುಂದಿನ ಸೀಟು ಅತ್ತೇದು!" ಎಲ್ಲ ಮಕ್ಕಳೂ ಹೋ ಎಂದು ನಕ್ಕವು.

ಶಾಲೆಯ ಗೇಟಿನಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಇಳಿದು, ಟಾಟಾ ಹೇಳಿ ಓಡಿದರು. ಅವಳು ಒಂದೊಂದು ತಲೆಯನ್ನೂ ಮುಟ್ಟಿ ಇಳಿಸಿದಳು. ಕೊನೆಯವನು ಹೋದ ಮೇಲೆ ಮುಂದಿನ ಸೀಟಿಗೆ ಬಂದು ಕೂತು ಬಾಗಿಲು ಹಾಕಿಕೊಂಡಳು. ಗಂಡನ ಕೈ ಇನ್ನೂ ಸ್ಟೀರಿಂಗ್ ಹಿಡಿದಿತ್ತು.

"ಬೆಳಿಗ್ಗೆ ಆ ಕಿಟಕಿಗೆ ಗಾಜೇ ಇರ್ಲಿಲ್ಲ ರೀ."

"ನೀನು ಒರೆಸುವಾಗ ಸದ್ದು ಬರ್ಲಿಲ್ಲ," ಎಂದ. "ಆಗ ಗೊತ್ತಾಯ್ತು."

"ಗೊತ್ತಾಗಿನೂ ಪರವಾಗಿಲ್ಲ ಅಂದ್ರಾ?"

"ನೀನೂ ಗೊತ್ತಾಗಿನೇ ಒರೆಸಿದ್ಯಲ್ಲ."

ಅವನು ನಿಧಾನವಾಗಿ ಹೇಳಿದ. ಶಾಲೆ ಮತ್ತೆ ಶುರುವಾದ ಎರಡನೇ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದನಂತೆ, ಒಬ್ಬನೇ. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಕಣ್ಣಿನ ಹಿಂದಿನ ಪರದೆಯದು, ಹೋದದ್ದು ಬರುವುದಿಲ್ಲ ಎಂದರಂತೆ. ನೆಟ್ಟಗೆ ನೋಡಿದರೆ ಕಲೆ, ಪಕ್ಕದಿಂದ ನೋಡಿದರೆ ಅಷ್ಟಿಷ್ಟು ಕಾಣುತ್ತದೆ. "ಮೊದಮೊದಲು ನಿಜವಾಗಿ ಗಾಜೇ ಅಂದ್ಕೊಂಡಿದ್ದೆ ಕಣೇ. ಆಮೇಲೂ ಗಾಜೇ ಆಗಿರ್ಲಿ ಅಂತ ದಿನಾ ಬೆಳಿಗ್ಗೆ ನಿನ್ನ ಬೈತಿದ್ದೆ. ನೀನು ಒರೆಸ್ತಿದ್ದೆ. ಒಂದು ದಿನ ಹೋಗಿಬಿಡುತ್ತೇನೋ ಅಂತ."

ಅವಳಿಗೆ ಅಳು ಬಂತು. ಅತ್ತರೆ ಇವನನ್ನು ಸಮಾಧಾನ ಮಾಡುತ್ತಾ ಕೂರಬೇಕಾಗುತ್ತದೆ ಎಂದು ನುಂಗಿಕೊಂಡಳು.

"ಪರೀಕ್ಷೆ ಮುಗಿಯೋವರೆಗೆ ಬಿಡು. ಒಂದು ತಿಂಗಳು. ದಾರಿ ನನಗೆ ಕಂಠಪಾಠ."

"ದಾರಿ ಕಂಠಪಾಠ. ಕೈಗಾಡಿಯವನೂ ಕಂಠಪಾಠನಾ?"

ಅವಳು ಕೈಚಾಚಿ ಕೀಲಿ ತಿರುಗಿಸಿ ತೆಗೆದುಕೊಂಡಳು. ಅವನು ತಡೆಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಕೀಲಿಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯಲು ಮನೆಯವರೇ ಬರಬೇಕು ಎಂದು ಒಬ್ಬೊಬ್ಬರಿಗೂ ಹೇಳಬೇಕಿತ್ತು. ಅವನ ಫೋನು ತೆಗೆದುಕೊಂಡಳು. ಮೊದಲ ನಂಬರು ಎರಡು ಜಡೆಯ ಹುಡುಗಿಯ ತಾಯಿಯದು. ಅವನಿಗೆ ಕೇಳಿಸಲೆಂದು ಸ್ಪೀಕರ್ ಹಾಕಿದಳು.

"ನಾನು ವ್ಯಾನಿನವರ ಮನೆಯವಳು ಮಾತಾಡ್ತಿರೋದು," ಎಂದವಳಿಗೆ ಮುಂದೆ ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು ನಿಂತಿತು. "ವ್ಯಾನ್ ಕೆಟ್ಟಿದೆ. ಮಧ್ಯಾಹ್ನ ನೀವೇ ಬಂದು ಮಗೂನ ಕರ್ಕೊಂಡು ಹೋಗ್ಬೇಕು."

"ಅಯ್ಯೋ, ಅದಕ್ಕೇನಂತೆ, ಬರ್ತೀನಿ," ಎಂದಳು ಆ ತಾಯಿ. "ನಾಳೆಗೆ ಸರಿಹೋಗುತ್ತಲ್ವಾ? ನನ್ನ ಮಗಳಿಗೆ ಮಾಮನ ವ್ಯಾನೇ ಆಗ್ಬೇಕು."

ಗಂಡ ಕೈ ಚಾಚಿ, ತಡಕಿ, ಅವಳ ಮಣಿಕಟ್ಟು ಹಿಡಿದು ಫೋನನ್ನು ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಂಡ.

"ಅಮ್ಮಾ, ವ್ಯಾನ್ ಚೆನ್ನಾಗಿದೆ. ನನಗೆ ಕಣ್ಣು ಕಾಣಲ್ಲ."

"ಯಾವಾಗಿಂದ?"

ಇವತ್ತು ಬೆಳಿಗ್ಗೆಯಿಂದ ಎನ್ನಲಿ ಎಂದು ಗಾಜಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ಹಾಗೆ ಬೇಡಿಕೊಂಡದ್ದಕ್ಕೆ ಆ ಕ್ಷಣವೇ ನಾಚಿಕೆಯೂ ಆಯಿತು.

"ರಜೆ ಮುಗಿದಾಗಿಂದ," ಎಂದ ಅವನು. "ಐದು ತಿಂಗಳಾಯ್ತಮ್ಮ."

"ಐದು ತಿಂಗಳು... ನನ್ನ ಮಗಳನ್ನ ಕೂರಿಸ್ಕೊಂಡಾ?"

"ಹೌದಮ್ಮ. ಎಷ್ಟೋ ದಿನ ಮುಂದಿನ ಸೀಟಲ್ಲೇ."

ಫೋನು ಕಟ್ಟಾಯಿತು. ಆ ತಾಯಿ ಬೈದಿದ್ದರೆ ಚೆನ್ನಾಗಿತ್ತು ಎಂದು ಇಬ್ಬರಿಗೂ ಅನಿಸಿತು. ಶಾಲೆಯ ಒಳಗೆ ಗಂಟೆ ಹೊಡೆಯಿತು. ಅವನು ಅವಳ ಮಣಿಕಟ್ಟು ಬಿಟ್ಟಿರಲಿಲ್ಲ.

"ಮುಂದಿನವರ ನಂಬರ್ ಒತ್ತು," ಎಂದ. "ನಾನೇ ಹೇಳ್ತೀನಿ."

ಅವಳು ಒತ್ತಿದಳು.