ಬೈಕಣ್ಣ ಕುಡಿದ ನೀರು

"ಇವತ್ತೂ ಬರಲ್ವಾ ಹಾಗಾದ್ರೆ?"

ಹೊಲಿಗೆಯವಳು ಬೀದಿಯ ತಿರುವಿಗೆ ಮುಖ ಮಾಡಿ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ನೀರಿನ ಲಾರಿ ಬರುವುದು ನಿಂತು ತಿಂಗಳ ಮೇಲಾಗಿತ್ತು. ಖಾಲಿ ಕೊಡಗಳು ಮಾತ್ರ ಇನ್ನೂ ಸಾಲಾಗಿ ಕೂತಿದ್ದವು.

ತಿರುವಿನಲ್ಲಿ ಲಾರಿಯ ಬದಲು ಮೋಟರ್‌ಬೈಕ್ ಕಾಣಿಸಿತು.

"ಬಂದ ನೋಡು ಬೈಕಣ್ಣ," ಎಂದಳು ಪಕ್ಕದ ಮನೆಯವಳು. "ನಮ್ಮ ಬಾಯಿಗೆ ಮಣ್ಣು ಹಾಕಿದ ಪುಣ್ಯಾತ್ಮ!"

ಬೈಕಣ್ಣ ದೇಶದಿಂದ ದೇಶಕ್ಕೆ ಬೈಕಿನಲ್ಲೇ ಹೋಗಿ, ಕುಡಿಯುವ ನೀರಿಲ್ಲದವರ ಪಾಡನ್ನು ಲೋಕಕ್ಕೆ ತೋರಿಸುವವನು. ಅವನದೊಂದು ವ್ರತದಂಥ ಪದ್ಧತಿ. ಹೋದಲ್ಲಿ ಯಾವುದಾದರೂ ಮನೆಯವರು ತಾವು ಕುಡಿಯುವ ನೀರನ್ನೇ ಕೊಡಬೇಕು. ಅದನ್ನು ಕ್ಯಾಮೆರಾದ ಮುಂದೆ ಕುಡಿದು ರುಚಿಯನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದ.

ಹೋದ ಸಲ ಅವನಿಗೆ ಸಿಕ್ಕಿದ್ದು ಹೊಲಿಗೆಯವಳ ಮನೆ. ಬೋರಿಂಗಿನ ಉಪ್ಪುನೀರು ಕೊಡಲು ಅವಳ ಅತ್ತೆಗೆ ಮನಸ್ಸು ಬರಲಿಲ್ಲ. ಕಿಡ್ನಿ ಕೆಟ್ಟ ತನಗೆಂದು ಮುಚ್ಚಿಟ್ಟಿದ್ದ ಲಾರಿ ನೀರನ್ನೇ ಲೋಟ ತುಂಬ ಕೊಟ್ಟಿದ್ದಳು. ಅವನು ಬೋರಿಂಗಿನದೆಂದೇ ತಿಳಿದ. "ಸಿಹಿಯಾಗೇ ಇದೆಯಲ್ಲ!" ಎಂದ.

ಆ ಮಾತು ನೀರಿನ ಕಚೇರಿಗೂ ಕೇಳಿಸಿತು. ಸಿಹಿನೀರಿನ ಬೀದಿಗೆ ಲಾರಿ ಯಾಕೆ?

ಈಗ ಬೈಕಣ್ಣ ಹೆಲ್ಮೆಟ್ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಒಳಗೆ ಬಂದ. ಹೊಲಿಗೆ ಯಂತ್ರ, ಮಂಚ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಮಂಚದ ಮೇಲೆ ಅತ್ತೆ. ಊದಿದ ಕಾಲಿನ ಚರ್ಮ ಬಿಗಿದು ಹೊಳೆಯುತ್ತಿತ್ತು.

"ನಾನು ಕುಡಿದದ್ದು ಲಾರಿ ನೀರು ಅಂತ ಗೊತ್ತಾದ ಮೇಲೆ ಕಚೇರಿಗೆ ಹೋಗಿದ್ದೆ ಅಮ್ಮಾ. ಅವತ್ತು ಸಿಹಿ ಅಂದ್ರಿ, ಇವತ್ತು ಉಪ್ಪು ಅಂತೀರಿ, ಯಾವುದನ್ನ ನಂಬೋಣ ಅಂತಾರೆ. ಅವತ್ತು ಕೊಟ್ಟವರೇ ಬೋರಿಂಗ್ ನೀರು ಕೊಡಲಿ, ಕುಡಿದು ತೋರಿಸಿ, ಆಮೇಲೆ ಲಾರಿ ಮಾತು ಅಂತಾರೆ. ನೀವೇ ಕೊಡಬೇಕು."

ಅತ್ತೆ ನಕ್ಕಳು. "ಸಿಹಿನೀರು ಕೊಟ್ಟಿದ್ದಕ್ಕೆ ವಾಪಸ್ ಬಂದು ಜಗಳ ತೆಗೆಯೋನು ನೀನೊಬ್ಬನೇ ಕಣಪ್ಪ."

ಸೊಸೆ ಬೋರಿಂಗ್ ನೀರಿನ ಲೋಟವನ್ನು ಅತ್ತೆಯ ಕೈಗಿತ್ತಳು. ನೋಡಲು ಹೋದ ಸಲದಷ್ಟೇ ತಿಳಿ. ಬಾಯಿಗಿಟ್ಟರೆ ನಾಲಿಗೆ ಮುದುಡುವ ಉಪ್ಪು. ತಿಂಗಳಿಂದ ಅತ್ತೆ ಕುಡಿಯುತ್ತಿದ್ದದ್ದು ಅದನ್ನೇ.

"ಕೊಟ್ಬಿಡಿ ಅತ್ತೆ. ಒಂದೇ ಗುಟುಕು. ಲಾರಿ ಬಂದ್ರೆ ನೀವು ಉಳೀತೀರಿ." ಎಂದಳು ಸೊಸೆ.

ಬೈಕಣ್ಣ ಮೊಣಕಾಲೂರಿ ಕೈ ಚಾಚಿದ. ಕ್ಯಾಮೆರಾದ ಕೆಂಪು ದೀಪ ಹೊತ್ತಿತು.

ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ನೀರು ಹೊದಿಕೆಯ ಮೇಲೆ ತುಳುಕಿತು. ದಾರಿಯ ಧೂಳಿಗೆ ಬಿರಿದಿದ್ದ ಅವನ ತುಟಿಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಲೋಟವನ್ನು ಎದೆಗೆ ಎಳೆದುಕೊಂಡಳು.

"ನಾನು ಕುಡೀತೀನಿ, ಅದು ನನ್ನ ಹಣೆಬರಹ. ಬಾಯಾರಿ ಬಂದವನ ಕೈಗೆ ಇದನ್ನ ಇಡಲ್ಲ."

"ನಿಮ್ಮ ಕಾಲಿಗೆ ಬೀಳ್ತೀನಿ ಅಮ್ಮಾ."

"ಬೀಳು, ಏಳು. ಕೊಡಲ್ಲ ಅಂದ್ರೆ ಕೊಡಲ್ಲ."