ಅರ್ಧ ಸ್ಪಂಜು

ಮೀನು ಬದಲಾಯಿಸೋಣ ಅಂತ ಮೊದಲು ಹೇಳಿದವಳು ಕಿರಿಸೊಸೆ. ಮದುವೆಯಾಗಿ ಆ ಮನೆಗೆ ಬಂದು ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್, ಬಣ್ಣ ಅಂದರೆ ಪ್ರಾಣ.

"ಅತ್ತೇ, ಈ ಗೋಲ್ಡ್‌ಫಿಶ್‌ಗಳು ಮುದುಕರ ಹಾಗೆ ನಿಂತಲ್ಲೇ ನಿಂತಿರ್ತಾವೆ. ಪುಟ್ಟ ಪುಟ್ಟ ನೀಲಿ ಮೀನು ತಂದು ಬಿಡೋಣ. ಗುಂಪಾಗಿ ಓಡಾಡಿದರೆ ನಡುಮನೆಗೇ ಒಂದು ಕಳೆ ಬರುತ್ತೆ."

ಅತ್ತೆ ಕನ್ನಡಕ ಏರಿಸಿ ನಡುಮನೆಯ ಗಾಜಿನ ಮೀನುತೊಟ್ಟಿ ನೋಡಿದರು. "ಹೌದಲ್ಲೇ! ನಮಗ್ಯಾರಿಗೂ ಹೊಳೆದೇ ಇರಲಿಲ್ಲ ನೋಡು."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ದೊಡ್ಡಸೊಸೆಗೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಒಂಬತ್ತು ವರ್ಷದಿಂದ ಆ ತೊಟ್ಟಿ ನೋಡಿಕೊಂಡವಳು ಅವಳು. ದಿನವಿಡೀ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಬಂದು, ತೋಳು ಮಡಚಿ, ಬಕೆಟ್ಟುಗಟ್ಟಲೆ ನೀರು ಹೊತ್ತವಳು. ಒಂಬತ್ತು ವರ್ಷದಲ್ಲಿ ಒಂದು ಸಲವೂ ಅತ್ತೆಯ ಬಾಯಲ್ಲಿ ಅಂಥದ್ದೊಂದು "ಹೌದಲ್ಲೇ" ಅವಳಿಗಾಗಿ ಬಂದಿರಲಿಲ್ಲ.

ಅವಳು ಜಗಳ ಆಡಲಿಲ್ಲ. "ನನ್ನ ಮೀನನ್ನ ಆಸ್ಪತ್ರೆಗೆ ತಗೊಂಡು ಹೋಗ್ತೀನಿ" ಅಂದಳು ಅಷ್ಟೇ. ಎಕ್ಸ್‌ರೇ ಕೋಣೆಯ ಹೊರಗೆ, ರೋಗಿಗಳು ಕೂರುವ ಕಡೆ ಇಡಲು ಒಂದು ಹೊಸ ತೊಟ್ಟಿ ಕೊಂಡಳು. ಹೊರಡುವ ಬೆಳಿಗ್ಗೆ ನಾಲ್ಕು ಗೋಲ್ಡ್‌ಫಿಶ್‌ಗಳನ್ನೂ ನೀರಿನ ಚೀಲಕ್ಕೆ ಬಿಟ್ಟು, ಮನೆಯ ತೊಟ್ಟಿಯ ಫಿಲ್ಟರ್ ಬಿಚ್ಚಿ, ಒಳಗಿದ್ದ ಕಂದು ಸ್ಪಂಜನ್ನು ಕತ್ತರಿಯಿಂದ ಎರಡು ಭಾಗ ಮಾಡಿ, ಒಂದನ್ನು ಅದೇ ತೊಟ್ಟಿಯ ನೀರಿನಲ್ಲಿ ಅದ್ದಿ ಚೀಲಕ್ಕೆ ಹಾಕಿಕೊಂಡಳು. ಮೀನಿನ ಕೊಳೆ ನೀರಲ್ಲಿ ವಿಷವಾಗುತ್ತದೆ, ಆ ವಿಷ ತಿಂದು ಬದುಕುವ ಕಣ್ಣಿಗೆ ಕಾಣದ ಜೀವಿಗಳು ಸ್ಪಂಜಿನಲ್ಲಿ ಮನೆ ಮಾಡಿರುತ್ತವೆ, ಅವು ಸತ್ತರೆ ಮೀನೂ ಸತ್ತ ಹಾಗೆಯೇ. ಇದನ್ನು ಮೊದಲ ವರ್ಷ ಐದು ಮೀನು ಸಾಯಿಸಿ ಕಲಿತಿದ್ದಳು.

ಆ ಸಂಜೆ ಕಿರಿಸೊಸೆ ಉಳಿದರ್ಧ ಸ್ಪಂಜನ್ನು ಎರಡು ಬೆರಳಲ್ಲಿ ಹಿಡಿದು ಬಂದಳು. "ಥೂ, ಎಷ್ಟು ಗಲೀಜು! ಬಿಸಿನೀರಲ್ಲಿ ಸೋಪು ಹಾಕಿ ತೊಳೀಲಾ ಅಕ್ಕ?"

ಬೇಡ ಅನ್ನೋದು ನಾಲಿಗೆ ತುದಿಯವರೆಗೂ ಬಂತು. ಅಷ್ಟರಲ್ಲಿ ಒಳಗಿಂದ ಅತ್ತೆ, "ನಮ್ಮ ಚಿಕ್ಕವಳಿಗೆ ಎಷ್ಟು ಅಚ್ಚುಕಟ್ಟು!" ಅಂದರು.

"ತೊಳಿ," ಅಂದಳು ದೊಡ್ಡಸೊಸೆ. "ಯಾಕೆ ತೊಳೀಬಾರದು?"

ಸ್ಪಂಜು ಹೊಸದರ ಹಾಗೆ ಬೆಳ್ಳಗಾಯಿತು. ಮರುದಿನ ಹದಿನೆಂಟು ನೀಲಿ ಮೀನು ಒಟ್ಟಿಗೇ ಬಂದವು. ಮೊದಲು ನಾಲ್ಕೈದು ಬಿಡು, ಆಮೇಲೆ ಉಳಿದದ್ದು ಅನ್ನೋ ಮಾತನ್ನೂ ದೊಡ್ಡಸೊಸೆ ನುಂಗಿಕೊಂಡಳು. ಅತ್ತೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು.

ನಾಲ್ಕನೇ ದಿನ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಎರಡು ಸತ್ತವು. ದೊಡ್ಡಸೊಸೆ ಕಾದಿದ್ದ ಗಳಿಗೆ ಅದು. ಆದರೆ ಕಂಡಿದ್ದೇನು? ಕಿರಿಯವಳು ಅಳುತ್ತಿದ್ದಾಳೆ, ಅತ್ತೆ ಅವಳ ತಲೆ ನೇವರಿಸುತ್ತಾ, "ನಿಂದೇನು ತಪ್ಪಮ್ಮಾ, ಅಂಗಡಿಯವನೇ ಕಾಯಿಲೆ ಮೀನು ಕೊಟ್ಟಿದ್ದಾನೆ" ಅನ್ನುತ್ತಿದ್ದಾರೆ. ದೊಡ್ಡಸೊಸೆಯ ಐದು ಮೀನು ಸತ್ತಾಗ ಇದೇ ಅತ್ತೆ, "ಕೈಲಾಗದಿದ್ದರೆ ಯಾಕೆ ಸಾಕ್ತೀಯಾ?" ಅಂದಿದ್ದರು. ಉರಿ ಆರುವ ಬದಲು ಇನ್ನೂ ಹೊತ್ತಿಕೊಂಡಿತು. ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದಳು.

ಹನ್ನೊಂದು ಗಂಟೆಗೆ, ಶಾಲೆಗೆ ರಜೆ ಹಾಕಿದ್ದ ಕಿರಿಸೊಸೆಯ ಫೋನು ಬಂತು. "ಅಕ್ಕಾ, ಇನ್ನೊಂದು ಹೋಯ್ತು. ಅತ್ತೆ ಏನೇ ಹೇಳಲಿ, ತಪ್ಪು ನಂದೇ ಅಂತ ಅನ್ನಿಸ್ತಿದೆ. ನಿನ್ನ ಬಿಟ್ಟರೆ ನನಗೆ ಕೇಳೋಕೆ ಯಾರಿದ್ದಾರೆ? ಏನು ಮಾಡಲಿ ಹೇಳು."

ದೊಡ್ಡಸೊಸೆ ಕೋಣೆಯ ಹೊರಗಿನ ತೊಟ್ಟಿಯತ್ತ ನೋಡಿದಳು. ಅವಳ ನಾಲ್ಕೂ ಗೋಲ್ಡ್‌ಫಿಶ್ ಆರಾಮಾಗಿ ಬಾಲ ಬೀಸುತ್ತಿದ್ದವು.

"ಅರ್ಧ ತೊಟ್ಟಿ ನೀರು ತೆಗೆದು, ಕ್ಲೋರಿನ್ ಕಳೆಯೋ ಔಷಧಿ ಹಾಕಿದ ನೀರು ತುಂಬು. ಹೊಸ ನೀರೂ ತೊಟ್ಟಿ ನೀರಿನಷ್ಟೇ ಬೆಚ್ಚಗಿರಲಿ. ತಿನ್ನೋಕೆ ಏನೂ ಹಾಕಬೇಡ. ಬರ್ತೀನಿ."

ಅರ್ಧ ದಿನ ರಜೆ ಹಾಕಿ, ತನ್ನ ಸ್ಪಂಜನ್ನು ಮತ್ತೆ ಎರಡು ಮಾಡಿ, ಒಂದು ತುಂಡನ್ನು ನೀರಿನ ಚೀಲದಲ್ಲಿ ಮಡಿಲಲ್ಲಿಟ್ಟುಕೊಂಡು ಬಸ್ಸಲ್ಲಿ ಬಂದಳು. ಫಿಲ್ಟರಿಗೆ ಅದನ್ನು ತುರುಕುವಾಗ ಕಿರಿಸೊಸೆ ಆ ಕಂದು ತುಂಡನ್ನೇ ನೋಡುತ್ತಿದ್ದಳು. ಕತ್ತರಿಸಿದ ಅಂಚು ನೇರವಾಗಿತ್ತು; ಅದನ್ನು ಯಾರೂ ತೊಳೆದಿರಲಿಲ್ಲ.

"ಇದನ್ನ ತೊಳೀಬಾರದು ಅಂತ ನಿನಗೆ ಗೊತ್ತಿತ್ತಾ?"

ಅತ್ತೆ ಪಕ್ಕದಲ್ಲೇ ಇದ್ದರು. ಸುಳ್ಳು ಹೇಳೋದು ಸುಲಭವಾಗಿತ್ತು.

"ಗೊತ್ತಿತ್ತು."

"ಮತ್ತೆ ಯಾಕೆ..."

"ಅತ್ತೆ ನಿನ್ನ ಹೊಗಳೋದು ಕೇಳಿ ನನಗೆ ತಡೆಯೋಕಾಗಲಿಲ್ಲ."

ಅತ್ತೆ ಕನ್ನಡಕ ತೆಗೆದು ಸೀರೆ ಅಂಚಲ್ಲಿ ಒರೆಸುತ್ತಾ ಒಳಗೆ ಹೋದರು. ಕಿರಿಸೊಸೆ ವಾರವಿಡೀ ದೊಡ್ಡಸೊಸೆಯ ಜೊತೆ ಮಾತಾಡಲಿಲ್ಲ. ದೊಡ್ಡಸೊಸೆಯೇ ದಿನಾ ಒಂದಿಷ್ಟು ನೀರು ಬದಲಾಯಿಸಿದಳು. ಇನ್ನೊಂದು ಮೀನು ಸತ್ತಿತು, ಹದಿನಾಲ್ಕು ಉಳಿದವು.

ಮಾತು ಬಿಟ್ಟ ಎಂಟನೇ ದಿನ ಕಿರಿಯವಳು ತಾನಾಗೇ ಬಂದು, "ಇವತ್ತು ಚೂರು ಆಹಾರ ಹಾಕಬಹುದಾ?" ಅಂದಳು.

"ಹಾಕಬಹುದು. ಒಂದೇ ಚಿಟಿಕೆ."

"ನಿಜ ತಾನೇ?"

ದೊಡ್ಡಸೊಸೆಯ ಕಿವಿ ಬಿಸಿಯಾಯಿತು. "ನಿಜ" ಅಂದು, ಡಬ್ಬಿ ತೆಗೆದುಕೊಂಡು, ಚಿಟಿಕೆ ಅಂದರೆ ಎಷ್ಟು ಅಂತ ತೋರಿಸಿಕೊಟ್ಟಳು.